ನಾಣ್ಯದ ಕೊರತೆ ಟಂಕಸಾಲೆಯದೋ, ಹೊರಗಿನದೋ?

ಚಲಾವಣೆಯ ನಾಣ್ಯಗಳಲ್ಲಿ ಕಾಣಸಿಗುವ ಟಂಕನ ದೋಷಗಳ ಬಗ್ಗೆ ಓದುಗರು ಬರೆದ ಪ್ರಶ್ನೆಗಳಲ್ಲಿ ಹಲವು ಒಂದನ್ನೊಂದು ಹೋಲುತ್ತಿದ್ದುದರಿಂದ ಅವನ್ನು ಸಂಕ್ಷೇಪಿಸಿ, ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಾಣ್ಯದ ಮೇಲೆ ಏನಾದರೂ ವಿಚಿತ್ರ ಕಂಡಾಗ ಅದು ಟಂಕಸಾಲೆಯಲ್ಲೇ ಆದ ತಪ್ಪೋ, ಜನರ ಕೈಯಲ್ಲಿ ಓಡಾಡುವಾಗ ಆದ ಹಾನಿಯೋ ಎಂದು ತಿಳಿಯಲು ಸಾಮಾನ್ಯವಾದ ನಿಯಮವೇನಾದರೂ ಇದೆಯೇ?

ಉತ್ತರ: ಇದೆ. ನಾಣ್ಯ ನೋಡಲು ಎಷ್ಟು ವಿಚಿತ್ರವಾಗಿದೆ ಎಂಬುದಕ್ಕೂ ಆ ನಿಯಮಕ್ಕೂ ಸಂಬಂಧವಿಲ್ಲ. ಕಾಣುತ್ತಿರುವ ಕೊರತೆ ತಯಾರಿಕೆಯ ಯಾವ ಹಂತದಲ್ಲಿ ಉಂಟಾಗಿರಬಹುದು ಎಂದು ಕೇಳಿಕೊಳ್ಳಬೇಕು. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅದು ಟಂಕಸಾಲೆಯ ದೋಷವಾಗಿರಬಹುದು; ಯಾವ ಹಂತಕ್ಕೂ ಹೊಂದದಿದ್ದರೆ, ಎಷ್ಟೇ ಅಪರೂಪವೆಂದು ಕಂಡರೂ, ಅದು ಹೊರಗೆ ಆದ ಹಾನಿಯೇ ಸರಿ. ಹಾಗಾಗಿ ನಾಣ್ಯ ತಯಾರಾಗುವ ಕ್ರಮವನ್ನು ಮೊದಲು ತಿಳಿದಿರುವುದು ಒಳ್ಳೆಯದು.

ಸುರುಳಿ ಸುತ್ತಿದ ಲೋಹದ ಹಾಳೆಯಿಂದ ಯಂತ್ರವು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದುಗೊಳಿಸಿ, ತೊಳೆದು ಒಣಗಿಸಿ, ಮತ್ತೊಂದು ಯಂತ್ರದಲ್ಲಿ ಅಂಚನ್ನು ಒತ್ತಿ ಸುತ್ತಲೂ ಏರು ಎಬ್ಬಿಸುತ್ತಾರೆ. ಈ ಏರನ್ನೇ ರಿಮ್ ಎನ್ನುವುದು. ಹೀಗೆ ಸಿದ್ಧವಾದ ಬಿಲ್ಲೆ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕುಳಿತುಕೊಳ್ಳುತ್ತದೆ. ಮೇಲಿನ ಮತ್ತು ಕೆಳಗಿನ ಎರಡು ಅಚ್ಚುಗಳು ಒಂದೇ ಹೊಡೆತಕ್ಕೆ ಅದರ ಎರಡೂ ಮುಖಗಳನ್ನು ಮೂಡಿಸುತ್ತವೆ. ಲೋಹ ಹೊರಕ್ಕೆ ಹರಡದಂತೆ ತಡೆಯುವುದೂ, ಅಂಚಿನಲ್ಲಿ ಹಲ್ಲುಗೆರೆಗಳಿದ್ದರೆ ಅವನ್ನು ಮೂಡಿಸುವುದೂ ಕಾಲರಿನ ಕೆಲಸ. ಇಂದಿನ ವೇಗದ ಪ್ರೆಸ್ಸುಗಳು ನಿಮಿಷಕ್ಕೆ 750ರಷ್ಟು ನಾಣ್ಯಗಳನ್ನು ಹೊಡೆಯಬಲ್ಲವು. ಆ ವೇಗದಲ್ಲಿ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡುವುದು ಆಗದ ಮಾತು. ಆಕಾರ ಕೆಟ್ಟವುಗಳನ್ನು ಜರಡಿಯಂತ್ರಗಳು ಬೇರ್ಪಡಿಸುತ್ತವೆಯಾದರೂ, ಅಳತೆ ಸರಿಯಿದ್ದು ಚಿತ್ರ ಮಾತ್ರ ತಪ್ಪಿರುವ ನಾಣ್ಯ ಜರಡಿಯ ಕಣ್ಣನ್ನು ಸುಲಭವಾಗಿ ದಾಟಿಬಿಡುತ್ತದೆ.

ಆದ್ದರಿಂದ ದೋಷಗಳೂ ಮೂರೇ ಬಗೆಯವು: ಬಿಲ್ಲೆಯಲ್ಲಿನ ದೋಷ, ಅಚ್ಚಿನಲ್ಲಿನ ದೋಷ, ಹೊಡೆತದಲ್ಲಿನ ದೋಷ. ಇವುಗಳಲ್ಲಿ ಅಚ್ಚಿನ ದೋಷಕ್ಕೆ ಒಂದು ವಿಶೇಷವಿದೆ. ಬಿಲ್ಲೆಯ ಅಥವಾ ಹೊಡೆತದ ತಪ್ಪು ಆ ಒಂದು ನಾಣ್ಯಕ್ಕೆ ಸೀಮಿತವಾದರೆ, ಅಚ್ಚಿನಲ್ಲಿರುವ ತಪ್ಪು ಆ ಅಚ್ಚು ಬಳಕೆಯಲ್ಲಿರುವಷ್ಟು ಕಾಲ ಹೊಡೆದ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಮರುಕಳಿಸುತ್ತದೆ. ನಿಮ್ಮ ನಾಣ್ಯದಲ್ಲಿ ಕಂಡದ್ದು ಬೇರೆಯವರ ನಾಣ್ಯದಲ್ಲೂ ಕೂದಲೆಳೆಯಷ್ಟೂ ಬದಲಾಗದೆ ಕಂಡರೆ, ಅದು ಅಚ್ಚಿನಿಂದಲೇ ಬಂದದ್ದು ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಪ್ರಶ್ನೆ: ಭೂತಗನ್ನಡಿಯಲ್ಲಿ ನೋಡಿದಾಗ ನನ್ನಲ್ಲಿರುವ ನಾಣ್ಯದ ಇಸವಿಯ ಅಂಕಿಗಳೂ ಕೆಲವು ಅಕ್ಷರಗಳೂ ಎರಡೆರಡಾಗಿ ಕಾಣುತ್ತವೆ. ಇದು ಬಹಳ ಬೆಲೆಬಾಳುವ ‘ಡಬಲ್ ಡೈ’ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಎಲ್ಲಕ್ಕಿಂತ ಹೆಚ್ಚು ಬಂದಿರುವುದು ಈ ಪ್ರಶ್ನೆಯೇ. ಎರಡೆರಡಾಗಿ ಕಾಣುವ ನಾಣ್ಯಗಳಲ್ಲಿ ಬಹುಪಾಲು ಡಬಲ್ ಡೈ ಅಲ್ಲವೆಂದು ಮೊದಲೇ ಹೇಳಬೇಕಾಗಿದೆ. ಜೋಡಿಗೆರೆ ಮೂಡುವುದಕ್ಕೆ ಕನಿಷ್ಠ ಮೂರು ಕಾರಣಗಳಿದ್ದು, ಅವುಗಳಲ್ಲಿ ಒಂದಕ್ಕೆ ಮಾತ್ರ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುತ್ತಾರೆ.

ನಿಜವಾದ ಡಬಲ್ ಡೈ ಹುಟ್ಟುವುದು ನಾಣ್ಯ ಹೊಡೆಯುವಾಗಲ್ಲ, ಅಚ್ಚನ್ನು ತಯಾರಿಸುವಾಗ. ಹಬ್ ಎಂಬ ಮೂಲ ಅಚ್ಚನ್ನು ಮೆದುವಾದ ಉಕ್ಕಿನ ಮೇಲೆ ಒತ್ತಿ ಕೆಲಸದ ಅಚ್ಚನ್ನು ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ತಿಯಾಗಿ ಇಳಿಯುತ್ತಿರಲಿಲ್ಲ. ಒತ್ತಿದ ಉಕ್ಕು ಗಡುಸಾಗುತ್ತಿದ್ದುದರಿಂದ ಅದನ್ನು ಮತ್ತೆ ಕಾಯಿಸಿ ಮೆದುಗೊಳಿಸಿ ಎರಡನೆಯ ಸಲ ಒತ್ತಬೇಕಾಗುತ್ತಿತ್ತು. ಎರಡನೆಯ ಒತ್ತು ಮೊದಲನೆಯದರ ಮೇಲೆ ಸರಿಯಾಗಿ ಕೂರದೆ ತುಸು ತಿರುಗಿದರೆ, ಆ ಅಚ್ಚಿನಲ್ಲಿ ಎರಡೂ ಒತ್ತುಗಳ ಗುರುತು ಉಳಿದು, ಅದರಿಂದ ಹೊಡೆದ ಪ್ರತಿಯೊಂದು ನಾಣ್ಯಕ್ಕೂ ಹರಿದು ಬರುತ್ತದೆ. ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಿಂದ 1955ರಲ್ಲಿ ಹೊರಬಿದ್ದ ಒಂದು ಸೆಂಟ್ ನಾಣ್ಯ ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ. ಅದರ ಮುಮ್ಮುಖದ ಇಸವಿಯೂ ಬರಹಗಳೂ ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ. ದೋಷ ಗೊತ್ತಾಗುವ ವೇಳೆಗೆ ಆ ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದರಿಂದ ಅವನ್ನು ಹೊರಗೆ ಬಿಡಲಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಟಂಕಸಾಲೆ ಒಂದೇ ಒತ್ತಿನ ಪದ್ಧತಿಗೆ ಬಂದ ಮೇಲೆ ಇಷ್ಟು ಎದ್ದು ಕಾಣುವ ಡಬಲ್ ಡೈಗಳು ಅಪರೂಪವಾದವು; ಇತ್ತೀಚಿನವುಗಳಲ್ಲಿ ಜೋಡಿಗೆರೆ ಹೆಚ್ಚಾಗಿ ಚಿತ್ರದ ನಡುಭಾಗದಲ್ಲಿ, ಸಣ್ಣದಾಗಿ ಇರುತ್ತದೆ.

ಎರಡನೆಯ ಕಾರಣ ಪ್ರೆಸ್ಸಿನ ಸಡಿಲತೆ. ಅಚ್ಚು ಬಿಗಿಯಾಗಿ ಕೂತಿರದಿದ್ದರೆ ಹೊಡೆತ ಮುಗಿದು ಮೇಲೇಳುವ ಕ್ಷಣದಲ್ಲಿ ಅದು ಒಂದಿಷ್ಟು ಜಾರಿ, ಆಗಲೇ ಮೂಡಿರುವ ಅಕ್ಷರದ ಬದಿಯನ್ನು ಸವರಿಬಿಡುತ್ತದೆ. ಇದನ್ನು ಯಂತ್ರದ ಜೋಡಿಗೆರೆ ಎನ್ನೋಣ. ನಿಮ್ಮ ನಾಣ್ಯ ಈ ಗುಂಪಿನದಾಗಿರುವ ಸಂಭವವೇ ಹೆಚ್ಚು. ವ್ಯತ್ಯಾಸ ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ದೀಪವನ್ನು ನೇರವಾಗಿ ಮೇಲಿಡದೆ ಓರೆಯಾಗಿ ಇಟ್ಟುಕೊಂಡು, ಒಂದೇ ಒಂದು ಅಕ್ಷರವನ್ನು ಆರಿಸಿಕೊಂಡು ನೋಡಿ. ಎರಡನೆಯ ಗೆರೆ ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿ, ನೆಲಮಟ್ಟಕ್ಕೆ ಹತ್ತಿರವಾಗಿ, ಹೊಳಪಿನಿಂದ ಕೂಡಿದ್ದು, ಮೂಲ ಅಕ್ಷರ ಇರಬೇಕಾದುದಕ್ಕಿಂತ ತೆಳ್ಳಗಾಗಿ ಕಂಡರೆ ಅದು ಯಂತ್ರದ ಜೋಡಿಗೆರೆ. ಅಲ್ಲಿ ಅಕ್ಷರದ ಲೋಹವನ್ನೇ ಒಂದು ಬದಿಗೆ ತಳ್ಳಿ ಗೆರೆ ಮಾಡಲಾಗಿದೆ. ಡಬಲ್ ಡೈನಲ್ಲಾದರೆ ಎರಡು ಅಕ್ಷರಗಳೂ ದುಂಡಗೆ, ಮೈತುಂಬಿ ಎದ್ದಿರುತ್ತವೆ. ಒಟ್ಟು ಅಗಲ ಸಾಮಾನ್ಯ ಅಕ್ಷರಕ್ಕಿಂತ ಹೆಚ್ಚಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರದ ಕಾಲು ಅಡ್ಡಗೆರೆಯಾಗಿ ಮುಗಿಯುವ ಮೂಲೆಯಲ್ಲಿ ಎರಡು ಒತ್ತುಗಳು ಕವಲೊಡೆದು, ನಡುವೆ ಸಣ್ಣದೊಂದು ಕಚ್ಚು ಕಾಣಿಸುತ್ತದೆ. ಆ ಮೂಲೆಯ ಕಚ್ಚು ಇಲ್ಲದಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ.

ಮೂರನೆಯದು ಅಚ್ಚಿನ ಸವೆತ. ಲಕ್ಷಾಂತರ ಹೊಡೆತಗಳ ಬಳಿಕ ಅಚ್ಚಿನ ಅಕ್ಷರಗಳ ಅಂಚು ಸವೆದು ಅಗಲವಾಗಿ, ನಾಣ್ಯದಲ್ಲಿ ನೆರಳಿನಂಥ ಮಸುಕಾದ ಎರಡನೆಯ ಗೆರೆ ಬೀಳುತ್ತದೆ. ಸುತ್ತಲಿನ ಬಯಲೂ, ಅಂದರೆ ಚಿತ್ರವೋ ಬರಹವೋ ಇಲ್ಲದ ಖಾಲಿ ಜಾಗವೂ, ತರಿತರಿಯಾಗಿರುತ್ತದೆ. ತಮಾಷೆಯೆಂದರೆ ಅದೇ 1955ರ ಸೆಂಟ್ ನಾಣ್ಯಗಳಲ್ಲಿ ಇಸವಿಯ ಕೊನೆಯ 5 ಮಾತ್ರ ಸವೆತದಿಂದ ಜೋಡಿಯಾಗಿ ಕಾಣುವ ಇನ್ನೊಂದು ಗುಂಪಿದ್ದು, ಸಂಗ್ರಾಹಕರು ಅದನ್ನು ‘ಬಡವರ ಡಬಲ್ ಡೈ’ ಎಂದು ಕರೆಯುತ್ತಾರೆ. ಅಸಲಿಯ ಬೆಲೆಯ ಹತ್ತಿರಕ್ಕೂ ಅದು ಬರುವುದಿಲ್ಲ. ಇನ್ನು ಸತುವಿನ ಮೇಲೆ ತಾಮ್ರದ ಲೇಪ ಕೊಟ್ಟ ನಾಣ್ಯಗಳಲ್ಲಿ ಲೇಪವು ಅಕ್ಷರದ ಪಕ್ಕದಲ್ಲಿ ಬಿರಿದು ಬೂದುಬಣ್ಣದ ಗೆರೆ ಕಾಣುವುದುಂಟು. ಅದನ್ನೂ ಜೋಡಿಗೆರೆಯೆಂದು ಭ್ರಮಿಸುವವರಿದ್ದಾರೆ.

ಪ್ರಶ್ನೆ: ನಾಣ್ಯದ ಅಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ತುಂಡೇ ಇಲ್ಲ. ಯಾರಾದರೂ ಕತ್ತರಿಸಿರಬಹುದೇ?

ಉತ್ತರ: ಕತ್ತರಿಸಿರಲೂಬಹುದು, ಟಂಕಸಾಲೆಯಿಂದ ಹಾಗೆಯೇ ಬಂದಿರಲೂಬಹುದು, ಇವೆರಡನ್ನೂ ಬೇರ್ಪಡಿಸುವುದು ಸಾಮಾನ್ಯವಾಗಿ ಕಷ್ಟವಲ್ಲ. ಲೋಹದ ಹಾಳೆ ಸರಿಯಾಗಿ ಮುಂದಕ್ಕೆ ಸರಿಯದೆ ಹೋದರೆ, ಕತ್ತರಿಸುವ ಯಂತ್ರ ಆಗಲೇ ಬಿಲ್ಲೆ ತೆಗೆದ ತೂತಿನ ಮೇಲೆಯೇ ಮತ್ತೆ ಬಿದ್ದು, ಬಾಗಿದ ಕಚ್ಚಿರುವ ಬಿಲ್ಲೆ ಹೊರಬರುತ್ತದೆ. ಹಾಳೆಯ ಕೊನೆಗೆ ತಾಗಿ ಕತ್ತರಿಸಿದ್ದರೆ ಕಚ್ಚು ನೇರವಾಗಿರುತ್ತದೆ. ಬಿಲ್ಲೆ ಕತ್ತರಿಸಿದ ಮೇಲಷ್ಟೇ ರಿಮ್ ಎಬ್ಬಿಸುವುದು, ಆಮೇಲಷ್ಟೇ ಹೊಡೆಯುವುದು ಎಂಬ ಕ್ರಮವನ್ನು ಇಲ್ಲಿ ನೆನಪಿಸಿಕೊಳ್ಳಿ. ರಿಮ್ ಎಬ್ಬಿಸುವ ಯಂತ್ರದಲ್ಲಿ ಬಿಲ್ಲೆ ಎರಡು ಬದಿಯಿಂದ ಒತ್ತಡ ಪಡೆಯುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಅದರ ಎದುರು ಬದಿಗೂ ಒತ್ತಡ ಸಾಲದೆ ಅಲ್ಲಿನ ರಿಮ್ ಮಸುಕಾಗಿ ಅಥವಾ ಇಲ್ಲವೇ ಇಲ್ಲವೆಂಬಂತೆ ಉಳಿಯುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರು. ಕಚ್ಚಿಗೆ ನೇರ ಎದುರಿನಲ್ಲಿ ರಿಮ್ ಹೇಗಿದೆ ನೋಡಿ. ಅದರ ಜೊತೆಗೆ, ಹೊಡೆತದ ಸಮಯದಲ್ಲಿ ಲೋಹ ಖಾಲಿ ಜಾಗದತ್ತ ಹರಿದಿರುವುದರಿಂದ ಕಚ್ಚಿನ ಪಕ್ಕದ ಅಕ್ಷರಗಳು ತುಸು ಎಳೆದಂತೆ ಕಾಣುತ್ತವೆ. ಆಮೇಲೆ ಯಾರೋ ಅರದಿಂದ ಉಜ್ಜಿದ್ದಾದರೆ ಅಕ್ಷರ ತನ್ನ ಪೂರ್ಣ ಆಕಾರದಲ್ಲಿದ್ದು ಕಚ್ಚಿನ ಬಳಿ ಥಟ್ಟನೆ ತುಂಡಾಗಿರುತ್ತದೆ. ಎದುರು ಬದಿಯ ರಿಮ್‌ಗೆ ಏನೂ ಆಗಿರುವುದಿಲ್ಲ. ಬ್ಲೇಕ್ಸ್‌ಲಿ ಪರಿಣಾಮ ಎಲ್ಲ ಅಸಲಿ ಕಚ್ಚುಗಳಲ್ಲೂ ಎದ್ದು ಕಾಣಲೇಬೇಕೆಂದಿಲ್ಲ, ಹಾಗಾಗಿ ಎರಡು ಲಕ್ಷಣಗಳನ್ನೂ ಒಟ್ಟಿಗೆ ನೋಡಿ ತೀರ್ಮಾನಿಸಬೇಕು.

ಪ್ರಶ್ನೆ: ಮುಖಚಿತ್ರದ ಮೇಲೆ ಕೂದಲಿನಂಥ ಉಬ್ಬುಗೆರೆಯೂ ರಿಮ್‌ಗೆ ಅಂಟಿದಂತೆ ಒಂದು ಗಂಟೂ ಇವೆ. ಗೀರು ಬಿದ್ದಿದೆ ಎನ್ನಲು ಅದು ತಗ್ಗಾಗಿಲ್ಲ.

ಉತ್ತರ: ನೀವು ಗಮನಿಸಿದ ಅಂಶವೇ ಉತ್ತರ. ನಾಣ್ಯದ ಉಬ್ಬೆಲ್ಲ ಅಚ್ಚಿನ ತಗ್ಗಿನಿಂದ ಬಂದದ್ದು. ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿಗೆ ಲೋಹ ನುಗ್ಗಿ ನಾಣ್ಯದಲ್ಲಿ ಉಬ್ಬುಗೆರೆಯಾಗುತ್ತದೆ; ಅಚ್ಚಿನ ಅಂಚಿನ ಒಂದು ಚೂರು ಮುರಿದು ಬಿದ್ದರೆ ರಿಮ್‌ಗೆ ಸೇರಿದ ಬೋಳು ಗಂಟಾಗುತ್ತದೆ, ಇದನ್ನು ಸಂಗ್ರಾಹಕರು ಕಡ್ ಎನ್ನುತ್ತಾರೆ. ಸಣ್ಣ ಬಿರುಕುಗಳು ಬಹಳ ಸಾಮಾನ್ಯ, ದೊಡ್ಡ ಕಡ್ ಮಾತ್ರ ಗಮನಕ್ಕೆ ಅರ್ಹ. ಖಚಿತಪಡಿಸಿಕೊಳ್ಳಲು ನಾಣ್ಯವನ್ನು ತಿರುಗಿಸಿ ಗಂಟಿನ ನೇರ ಹಿಂಭಾಗವನ್ನು ನೋಡಿ. ಲೋಹವೆಲ್ಲ ಗಂಟಿನ ಕಡೆಗೆ ಹರಿದುಹೋಗಿರುವುದರಿಂದ ಅಲ್ಲಿನ ಬರಹ ಮಸುಕಾಗಿರಬೇಕು. ಹಿಂಭಾಗ ಚೊಕ್ಕವಾಗಿದ್ದರೆ ಯಾರೋ ಬೆಸುಗೆಯೋ ಅಂಟೋ ಹಾಕಿದ್ದಾರೆಂದೇ ಅನುಮಾನಿಸಬೇಕು.

ಉಬ್ಬಿನ ಇನ್ನೊಂದು ಮೂಲವೂ ಇದೆ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದುಕೊಂಡರೆ ಒಂದರ ಗುರುತು ಇನ್ನೊಂದರ ಮೇಲೆ ಬಿದ್ದು, ನಾಣ್ಯದ ಬಯಲಿನಲ್ಲಿ ಹಿಂಬದಿಯ ಚಿತ್ರದ ರೇಖೆಗಳು ಮಸುಕಾಗಿ ತೇಲುತ್ತವೆ. ಅಂಥ ಗುರುತನ್ನು ಅಳಿಸಲು ಅಚ್ಚನ್ನು ಉಜ್ಜಿ ಪಾಲಿಷ್ ಮಾಡುತ್ತಾರೆ. ಆ ಕೆಲಸ ಅತಿಯಾದರೆ ಚಿತ್ರವೇ ಮಾಯವಾಗುತ್ತದೆ. ಡೆನ್ವರ್ ಟಂಕಸಾಲೆಯ 1937ರ ಐದು ಸೆಂಟ್ ನಾಣ್ಯದಲ್ಲಿ ಕಾಡೆಮ್ಮೆ ಮೂರೇ ಕಾಲಿನ ಮೇಲೆ ನಿಂತಿರುವುದಕ್ಕೆ ಇದೇ ಕಾರಣ. ಸಾಮಾನ್ಯ ನಾಣ್ಯದ ಮುಂಗಾಲನ್ನು ಕೆರೆದು ತೆಗೆದು ಇದನ್ನು ನಕಲು ಮಾಡುವವರು ಬಹಳ. ಅಸಲಿಯಲ್ಲಿ ಕಾಡೆಮ್ಮೆಯ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಉಬ್ಬುಚುಕ್ಕಿಗಳ ಸಾಲೊಂದು ಇಳಿದಿರುತ್ತದೆ, ಹಿಂಗಾಲೂ ಹುಳ ತಿಂದಂತೆ ಸವೆದಿರುತ್ತದೆ. ಕೆರೆಯುವವನು ಕಾಲನ್ನು ತೆಗೆಯಬಲ್ಲ, ಉಬ್ಬುಚುಕ್ಕಿಗಳನ್ನು ಎಬ್ಬಿಸಲಾರ.

ಪ್ರಶ್ನೆ: ಇಸವಿಯ ಒಂದು ಅಂಕಿ ಇಲ್ಲದ ನಾಣ್ಯ, ಟಂಕಸಾಲೆಯ ಗುರುತೇ ಇಲ್ಲದ ನಾಣ್ಯ ನನ್ನ ಬಳಿ ಇವೆ. ಇವನ್ನು ದೋಷವೆನ್ನಬಹುದೇ?

ಉತ್ತರ: ಮೊದಲನೆಯದು ಬಹುಶಃ ಅಚ್ಚಿನಲ್ಲಿ ಜಿಡ್ಡು ತುಂಬಿ ಆದದ್ದು. ಯಂತ್ರದ ಎಣ್ಣೆಯೂ ಲೋಹದ ಪುಡಿಯೂ ಸೇರಿ ಅಚ್ಚಿನ ಅಕ್ಷರದ ತಗ್ಗನ್ನು ಮುಚ್ಚಿಬಿಟ್ಟರೆ ಆ ಅಕ್ಷರ ಮೂಡುವುದೇ ಇಲ್ಲ. ಅಮೆರಿಕದ 2005ರ ಕಾನ್ಸಾಸ್ ಕಾಲು ಡಾಲರ್ ನಾಣ್ಯಗಳಲ್ಲಿ ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಧ್ಯೇಯವಾಕ್ಯದ ‘ಟಿ’ ಅಕ್ಷರ ಹೀಗೆ ಮುಚ್ಚಿಹೋಗಿ ಅದು ‘ಇನ್ ಗಾಡ್ ವಿ ರಸ್ಟ್’, ಅಂದರೆ ದೇವರಲ್ಲಿ ತುಕ್ಕು ಹಿಡಿಯುತ್ತೇವೆ ಎಂದಾಗಿದ್ದು ಸಂಗ್ರಾಹಕರಿಗೆ ಬಹಳ ಕಾಲ ನಗುವಿನ ವಸ್ತುವಾಗಿತ್ತು. ಜಿಡ್ಡಿನಿಂದಾದ ಕೊರತೆಯಲ್ಲಿ ಅಕ್ಷರ ಇರಬೇಕಾದ ಜಾಗದ ಮೇಲ್ಮೈ ಸುತ್ತಲಿನ ಬಯಲಿನ ಹಾಗೆಯೇ ಇರುತ್ತದೆ. ಅಲ್ಲಿ ಹಳ್ಳವೋ, ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳೋ ಕಂಡರೆ ಅದನ್ನು ಕೆರೆದು ತೆಗೆದಿದ್ದಾರೆ. ಇಂಥ ನಾಣ್ಯಗಳು ಧಾರಾಳವಾಗಿ ಸಿಗುವುದರಿಂದ ಸಾಮಾನ್ಯವಾಗಿ ಹೆಚ್ಚಿನ ಬೆಲೆ ಇಲ್ಲ.

ಎರಡನೆಯದರ ಬಗ್ಗೆ ಹೇಳುವ ಮುನ್ನ, ಆ ನಾಣ್ಯಕ್ಕೆ ಗುರುತು ಇರಬೇಕಿತ್ತೇ ಎಂದು ನೋಡಬೇಕು. ಭಾರತದ ನಾಣ್ಯಗಳಲ್ಲಿ ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ಚುಕ್ಕೆ; ಕೋಲ್ಕತ್ತಕ್ಕೆ ಗುರುತೇ ಇಲ್ಲ, ಅದೇ ಅದರ ಗುರುತು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಹತ್ತು ಸೆಂಟ್ ನಾಣ್ಯಕ್ಕೆ 1980ರಿಂದ ಫಿಲಡೆಲ್ಫಿಯಾದ ‘ಪಿ’ ಗುರುತು ಹಾಕುತ್ತ ಬಂದಿದ್ದು, 1982ರಲ್ಲಿ ಒಂದು ಅಚ್ಚಿಗೆ ಅದನ್ನು ಒತ್ತಲು ಮರೆತದ್ದರಿಂದ ಗುರುತಿಲ್ಲದ ನಾಣ್ಯಗಳು ಹೊರಬಿದ್ದವು. ಅದು ನಿಜವಾದ ದೋಷ.

ಪ್ರಶ್ನೆ: ನಾಣ್ಯವನ್ನು ಮಗುಚಿದರೆ ಹಿಂಬದಿಯ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಇದು ತಪ್ಪಲ್ಲವೇ?

ಉತ್ತರ: ಯಾವ ದೇಶದ ನಾಣ್ಯ ಎಂಬುದರ ಮೇಲೆ ಹೋಗುತ್ತದೆ. ನಾಣ್ಯವನ್ನು ಮೇಲೂ ಕೆಳಗೂ ಎರಡು ಬೆರಳುಗಳಲ್ಲಿ ಹಿಡಿದು ಬಾಗಿಲಿನ ತಿರುಗಣಿಯಂತೆ ಪಕ್ಕಕ್ಕೆ ತಿರುಗಿಸಿ ನೋಡಬೇಕು. ಬ್ರಿಟನ್, ಯೂರೋ ವಲಯ ಮತ್ತು ಭಾರತದ ಈಗಿನ ನಾಣ್ಯಗಳಲ್ಲಿ ಹಿಂಬದಿ ನೇರವಾಗಿ ನಿಲ್ಲಬೇಕು. ಅಮೆರಿಕದ ನಾಣ್ಯಗಳಲ್ಲಿ ತಲೆಕೆಳಗಾಗಿರುವುದೇ ಸರಿಯಾದ ಕ್ರಮ. ಇದಕ್ಕೆ ಹೊಂದದೆ ಓರೆಯಾಗಿ ಅಥವಾ ವಿರುದ್ಧವಾಗಿ ನಿಂತರೆ ಅಚ್ಚು ತನ್ನ ಜಾಗದಲ್ಲಿ ತಿರುಗಿಕೊಂಡಿತ್ತೆಂದು ಅರ್ಥ. ಅಲ್ಪಸ್ವಲ್ಪ ಓರೆಗೆ ಯಾರೂ ಬೆಲೆ ಕೊಡುವುದಿಲ್ಲ. 90 ಡಿಗ್ರಿಯೋ 180 ಡಿಗ್ರಿಯೋ ತಿರುಗಿದ್ದರೆ ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ಒಂದು ನಾಣ್ಯದ ಒಂದು ಮುಖ ಬೆಳ್ಳಿಯ ಬಣ್ಣ, ಇನ್ನೊಂದು ಮುಖ ತಾಮ್ರದ ಬಣ್ಣದಲ್ಲಿದೆ. ಬೇರೆ ಲೋಹದ ಬಿಲ್ಲೆಯ ಮೇಲೆ ತಪ್ಪಿ ಹೊಡೆದಿರಬಹುದೇ?

ಉತ್ತರ: ಬಣ್ಣವನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ. ಮಣ್ಣಿನಲ್ಲಿ ಹೂತಿದ್ದ, ಬೆಂಕಿಗೆ ಬಿದ್ದಿದ್ದ, ಆಮ್ಲ ತಾಗಿದ, ಲೇಪ ಕೊಡಿಸಿದ ನಾಣ್ಯಗಳ ಬಣ್ಣ ಎಷ್ಟು ಬಗೆಯಾಗಿ ಬದಲಾಗುತ್ತದೆಂದರೆ ಬಣ್ಣವೊಂದರಿಂದ ಏನನ್ನೂ ಹೇಳಲಾಗದು. ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇಂಥ ಹುಡುಕಾಟದಲ್ಲಿ ಭೂತಗನ್ನಡಿಯಷ್ಟೇ ಅಗತ್ಯ.

ನಿಮ್ಮ ನಾಣ್ಯದಂಥದ್ದಕ್ಕೆ ಒಂದು ಸಾಧ್ಯತೆಯನ್ನು ಅಮೆರಿಕದ ಕಾಲು ಡಾಲರ್ ನಾಣ್ಯದ ಮೂಲಕ ವಿವರಿಸಬಹುದು. ಅದು ತಾಮ್ರದ ತಿರುಳಿನ ಎರಡು ಬದಿಗೂ ತಾಮ್ರ–ನಿಕ್ಕಲ್ ಮಿಶ್ರಲೋಹದ ಪದರವನ್ನು ಕೂಡಿಸಿ ಮಾಡಿದ ನಾಣ್ಯ. ಸರಿಯಾದ ತೂಕ 5.67 ಗ್ರಾಂ. ಹೊಡೆಯುವ ಮೊದಲೇ ಒಂದು ಬದಿಯ ಪದರ ಕಿತ್ತುಹೋಗಿದ್ದರೆ ತೂಕದ ಸುಮಾರು ಆರನೇ ಒಂದು ಭಾಗ ಇಲ್ಲವಾಗಿ ತಕ್ಕಡಿ 4.7 ಗ್ರಾಮಿನ ಆಸುಪಾಸನ್ನು ತೋರಿಸುತ್ತದೆ. ತೂಕ 5.67ರ ಹತ್ತಿರವೇ ಇದ್ದರೆ ಅದು ಬರೀ ಕಲೆ. ನಿಮ್ಮಲ್ಲಿರುವ ನಾಣ್ಯದ ಅಧಿಕೃತ ತೂಕವನ್ನು ತಿಳಿದುಕೊಂಡು ಇದೇ ಲೆಕ್ಕವನ್ನು ಹಾಕಿ ನೋಡಿ.

ತಪ್ಪು ಬಿಲ್ಲೆಯ ಕಥೆಗಳಲ್ಲಿ ಅಮೆರಿಕದ 1943ರ ತಾಮ್ರವರ್ಣದ ಸೆಂಟ್‌ಗೆ ಸಮನಾದದ್ದು ಇನ್ನೊಂದಿಲ್ಲ. ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಆ ವರ್ಷ ಸೆಂಟ್‌ಗಳನ್ನು ಸತುವಿನ ಲೇಪವುಳ್ಳ ಉಕ್ಕಿನಲ್ಲಿ ಹೊಡೆದರು. ಹಿಂದಿನ ವರ್ಷದ ಕೆಲವೇ ಕಂಚಿನ ಬಿಲ್ಲೆಗಳು ಹೇಗೋ ಉಳಿದುಕೊಂಡು ಅವುಗಳೊಂದಿಗೆ ಹೊಡೆತಕ್ಕೆ ಸಿಕ್ಕವು. ಅಂದಿನಿಂದ ಉಕ್ಕಿನ ಸೆಂಟ್‌ಗೆ ತಾಮ್ರದ ಲೇಪ ಕೊಟ್ಟ ನಕಲಿಗಳು ಲೆಕ್ಕವಿಲ್ಲದಷ್ಟು ಹುಟ್ಟಿವೆ. ಇವುಗಳಿಗೆ ಅಯಸ್ಕಾಂತ ಹಿಡಿದರೆ ಸಾಕು, ಅಂಟಿಕೊಳ್ಳುತ್ತವೆ. ಅಸಲಿ ಕಂಚಿನದು ಅಂಟುವುದಿಲ್ಲ, ತೂಕ 3.11 ಗ್ರಾಂ ಇರುತ್ತದೆ. ಅಂಟಲಿಲ್ಲವೆಂದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ, ಏಕೆಂದರೆ 1948ರ ಕಂಚಿನ ಸೆಂಟ್‌ನಲ್ಲಿ 8ರ ಎಡಬದಿಯನ್ನು ಕೆರೆದು 3 ಮಾಡಿದ ನಕಲಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತೂಕವೂ ಸರಿಯಾಗಿಯೇ ಇರುತ್ತದೆ. ಅಲ್ಲಿ ಮತ್ತೆ ಭೂತಗನ್ನಡಿಯೇ ಗತಿ.

ಪ್ರಶ್ನೆ: ಒಂದು ನಾಣ್ಯದ ಮುಮ್ಮುಖ ಇನ್ನೊಂದರ ಹಿಮ್ಮುಖದೊಂದಿಗೆ ಸೇರಿಹೋಗುವುದುಂಟೇ? ಎರಡೂ ಬದಿ ಒಂದೇ ಚಿತ್ರವಿರುವ ನಾಣ್ಯವೂ ಟಂಕಸಾಲೆಯ ತಪ್ಪೇ?

ಉತ್ತರ: ಮೊದಲನೆಯದು ಉಂಟು, ಅದಕ್ಕೆ ಮ್ಯೂಲ್ ಎಂದು ಹೆಸರು. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸ್ ನಾಣ್ಯದ ಹಿಮ್ಮುಖಕ್ಕೆ ಹೊಸ ವಿನ್ಯಾಸ ಬಂದಾಗ, ಅದುವರೆಗೆ ಹಿಂಬದಿಯಲ್ಲಿದ್ದ ಇಸವಿಯನ್ನು ಮುಂಬದಿಗೆ ತಂದರು. ಒಂದು ಕಂತಿನಲ್ಲಿ ಹೊಸ ಹಿಂಬದಿಯ ಅಚ್ಚಿನೊಡನೆ ಹಳೆಯ ಮುಂಬದಿಯ ಅಚ್ಚು ಸೇರಿಕೊಂಡು ಎರಡೂ ಕಡೆ ಇಸವಿಯಿಲ್ಲದ ನಾಣ್ಯಗಳು ಚಲಾವಣೆಗೆ ಬಂದವು. ಹಿಂಬದಿಯನ್ನಷ್ಟೇ ನೋಡಿ ಇಸವಿಯಿಲ್ಲವೆಂದು ಹಿಗ್ಗುವವರು ನಾಣ್ಯವನ್ನು ಒಮ್ಮೆ ತಿರುಗಿಸಬೇಕು. ಆಸ್ಟ್ರೇಲಿಯಾದ 2000ದ ಒಂದು ಡಾಲರ್ ಮ್ಯೂಲ್ ಇನ್ನೂ ಸೂಕ್ಷ್ಮವಾದದ್ದು. 25 ಮಿಲಿಮೀಟರಿನ ಡಾಲರ್ ಬಿಲ್ಲೆಯ ಮುಂಬದಿಗೆ, 23.6 ಮಿಲಿಮೀಟರಿನ ಹತ್ತು ಸೆಂಟ್ ನಾಣ್ಯದ ಅಚ್ಚು ಬಿದ್ದುಬಿಟ್ಟಿತು. ಎರಡಕ್ಕೂ ರಾಣಿಯ ಅದೇ ಮುಖಚಿತ್ರವಿದ್ದುದರಿಂದ ಯಾರಿಗೂ ತಕ್ಷಣ ಗೊತ್ತಾಗಲಿಲ್ಲ. ಅಚ್ಚು ಚಿಕ್ಕದಾದ್ದರಿಂದ ರಿಮ್‌ನ ಒಳಗೆ ಇನ್ನೊಂದು ರಿಮ್ ಸುತ್ತಿಕೊಂಡಿರುವುದೇ ಅದರ ಗುರುತು.

ಎರಡೂ ಬದಿ ಒಂದೇ ಚಿತ್ರವಿರುವ ನಾಣ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಜಾದೂಗಾರರಿಗಾಗಿ ಮಾಡಿದವು. ಒಂದು ನಾಣ್ಯದ ಒಳಭಾಗವನ್ನು ಕೊರೆದು, ತೆಳ್ಳಗೆ ಸವರಿದ ಇನ್ನೊಂದನ್ನು ಅದರಲ್ಲಿ ಕೂರಿಸಿರುತ್ತಾರೆ. ರಿಮ್‌ನ ಒಳಮಗ್ಗುಲಲ್ಲಿ ಸುತ್ತಲೂ ಓಡುವ ಕೂದಲೆಳೆಯಷ್ಟು ತೆಳುವಾದ ಕೂಡುಗೆರೆಯನ್ನು ಹುಡುಕಿ. ನೆಲಕ್ಕೆ ಬೀಳಿಸಿದರೆ ಸದ್ದೂ ಮಂದವಾಗಿರುತ್ತದೆ.

ಪ್ರಶ್ನೆ: ನನ್ನ ನಾಣ್ಯದ ಒಂದು ಬದಿಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ, ತಗ್ಗಾಗಿ ಒತ್ತಿಕೊಂಡಿವೆ.

ಉತ್ತರ: ಹೊಡೆದ ನಾಣ್ಯವೊಂದು ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆ ಆ ನಾಣ್ಯದ ಮುಖಕ್ಕೆ ಒತ್ತಿಕೊಂಡು ಅದೇ ಚಿತ್ರವನ್ನು ತಗ್ಗಾಗಿ, ತಿರುವುಮುರುವಾಗಿ ಪಡೆಯುತ್ತದೆ. ಇದು ಬ್ರಾಕೇಜ್, ಬಲು ಅಪರೂಪ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಕಬ್ಬಿಣದ ಇಕ್ಕಳದಲ್ಲಿ ಬಿಗಿದರೂ ಇಂಥದೇ ಗುರುತು ಬೀಳುತ್ತದೆ, ಮತ್ತು ಸಿಗುವುದು ಹೆಚ್ಚಾಗಿ ಇದೇ. ಇಕ್ಕಳದ ಕೆಲಸದಲ್ಲಿ ತಗ್ಗಿನ ಅಕ್ಷರಗಳ ಕೆಳಗೆ ನಾಣ್ಯದ ಮೂಲ ಚಿತ್ರ ಇನ್ನೂ ಉಳಿದಿರುತ್ತದೆ, ಹಿಂಬದಿಯ ಉಬ್ಬುಗಳು ಚಪ್ಪಟೆಯಾಗಿರುತ್ತವೆ. ಬ್ರಾಕೇಜಿನಲ್ಲಿ ಆ ಬದಿಗೆ ಬೇರೆ ಚಿತ್ರ ಬಿದ್ದೇ ಇರುವುದಿಲ್ಲ, ಹಿಂಬದಿಯಲ್ಲಿ ಹೊಡೆತ ಸಹಜವಾಗಿಯೇ ಇರುತ್ತದೆ.

ಪ್ರಶ್ನೆ: ದೋಷವಿದೆ ಎನ್ನಿಸಿದ ನಾಣ್ಯವನ್ನು ಉಜ್ಜಿ ಹೊಳಪು ಬರಿಸಿ ಇಡಬಹುದೇ? ಯಾರಿಗೆ ತೋರಿಸಬೇಕು?

ಉತ್ತರ: ಖಂಡಿತ ಉಜ್ಜಬೇಡಿ. ಹುಣಸೆ, ನಿಂಬೆ, ಪುಡಿ, ಬ್ರಷ್ಷು ಯಾವುದನ್ನೂ ಬಳಸಬೇಡಿ. ಮೇಲ್ಮೈಯ ಸಹಜ ಸ್ಥಿತಿ ಹೋದರೆ ಅಸಲಿ ದೋಷವನ್ನೂ ಅಸಲಿಯೆಂದು ಸಾಧಿಸುವುದು ಕಷ್ಟವಾಗುತ್ತದೆ, ಬೆಲೆಯೂ ಕುಸಿಯುತ್ತದೆ. ಅಂಚನ್ನಷ್ಟೇ ಹಿಡಿದು, ಪಿವಿಸಿ ಇಲ್ಲದ ಪಾಲಿಯೆಸ್ಟರ್ ಪೊರೆಯಲ್ಲಿ ಇಡಿ. ಅಗ್ಗದ ಮೆತ್ತನೆಯ ಪಿವಿಸಿ ಚೀಲಗಳು ಕಾಲಕ್ರಮೇಣ ಜಿನುಗಿ ನಾಣ್ಯದ ಮೇಲೆ ಹಸಿರು ಜಿಗುಟನ್ನು ಕೂರಿಸುತ್ತವೆ.

ಪರಿಣಿತರಿಗೆ ಕಳುಹಿಸುವಾಗ ಎರಡೂ ಮುಖಗಳ ಮತ್ತು ಅಂಚಿನ ಸ್ಪಷ್ಟ ಚಿತ್ರಗಳ ಜೊತೆಗೆ ತೂಕವನ್ನೂ ವ್ಯಾಸವನ್ನೂ ಬರೆದು ಕಳುಹಿಸಿ. ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುತೇಕ ಎಲ್ಲದರಲ್ಲೂ ಇಲ್ಲದಿದ್ದುದು ಈ ಎರಡು ಅಳತೆಗಳೇ. ಎನ್‌ಜಿಸಿ, ಪಿಸಿಜಿಎಸ್, ಅನಾಕ್ಸ್‌ನಂಥ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಮೊಹರು ಮಾಡಿದ ಡಬ್ಬಿಯಲ್ಲಿಟ್ಟು ದೋಷದ ಹೆಸರನ್ನು ನಮೂದಿಸಿ ಕೊಡುತ್ತವೆ. ಆದರೆ ಸಣ್ಣ ಬಿರುಕು, ಮಸುಕಾದ ಅಕ್ಷರ, ಯಂತ್ರದ ಜೋಡಿಗೆರೆಯಂಥವುಗಳಿಗೆ ಆ ಶುಲ್ಕವೇ ನಾಣ್ಯದ ಬೆಲೆಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಮೊದಲು ಅದೇ ವರ್ಷದ, ಅದೇ ಮುಖಬೆಲೆಯ ಸಾಮಾನ್ಯ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಆಮೇಲೂ ಅನುಮಾನ ಉಳಿದರೆ ಕಳುಹಿಸಿ.